"ಮರ ತಾನೆ ಮೇಡಂ!"

ನಿನ್ನೆ ನೆಂಟರನ್ನು ಬಿಡೋಕೆ ನಮ್ಮ ಮೈಸೂರಿನದೇ ಒಂದು ಹೋಂಸ್ಟೇಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಗೋಡೆ ಮೇಲೆ ಹಳೇ ವೀಣೆ. ಒಂದು ತಂತಿಯೂ ಇಲ್ಲ, ಬಿರಡೆಗಳು ಕಿತ್ತುಹೋಗಿವೆ, ದಂಡಿಯ ಉದ್ದಕ್ಕೂ ಸೀರಿಯಲ್ ಸೆಟ್ ಸುತ್ತಿದ್ದಾರೆ. ಯಾಕೆ ಹೀಗೆ ಅಂದರೆ ಮಾಲೀಕರು, "ಎಷ್ಟಾದ್ರೂ ಮರ ತಾನೆ ಮೇಡಂ, ನೋಡೋಕೆ ಚೆನ್ನಾಗಿದೆಯಲ್ಲ" ಅಂದರು. ವೀಣೆ ಶೇಷಣ್ಣನವರು ನುಡಿಸಿದ ಊರಲ್ಲಿ ಈ ಮಾತು! ಇನ್ನೂ ಹೊಟ್ಟೆ ಉರೀತಿದೆ.

ನಮ್ಮನೆಯಲ್ಲಿ ಎರಡು ವೀಣೆ ಇವೆ, ಅಕ್ಕಂದು ಮತ್ತು ನಂದು. ಮಾಡಿದವರು ಒಬ್ಬರೇ. ಎರಡೂ ಹಲಸಿನ ಮರ, ಸ್ವರ ಹಿಡಿಯೋಕೆ 24 ಮೆಟ್ಟಿಲು, ನುಡಿಸೋ ತಂತಿ ನಾಲ್ಕು, ತಾಳದ ತಂತಿ ಮೂರು. ಆದರೆ ಅಕ್ಕನ ವೀಣೆಯ ಅನುಮಂದ್ರ, ಅಂದರೆ ಎಲ್ಲಕ್ಕಿಂತ ತಗ್ಗಿನ ದನಿಯ ತಂತಿ, ಮೀಟಿ ಕೈ ತೆಗೆದರೂ ನಾದ ಕೋಣೆಯಲ್ಲಿ ನಿಂತೇ ಇರುತ್ತೆ. ನಂದು ಗಡಸು ದನಿ. ಲಯ ಹಿಡಿದು ರಾಗ ಬೆಳೆಸೋ ತಾನ ನುಡಿಸಿದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತೆ, ನಿಧಾನವಾಗಿ ನುಡಿಸೋ ವಿಳಂಬ ಕಾಲಕ್ಕೆ ಮಾತ್ರ ಒಗ್ಗಲ್ಲ. ಒಂದು ದಿನ ಅಕ್ಕನ ವೀಣೆ ಎತ್ತಿಕೊಂಡು ನನ್ನ ಅಭ್ಯಾಸದಂತೆ ಜೋರಾಗಿ ಮೀಟಿದ್ದಕ್ಕೆ ನಮ್ಮ ಟೀಚರ್ ಕೈ ಹಿಡಿದುಬಿಟ್ಟರು. "ಇದು ಮೆತ್ತಗಿನ ವೀಣೆ ಕಣಮ್ಮ, ಇಷ್ಟು ಹೊಡೀಬೇಡ."

ವೀಣೆಯ ಬುಡದ ಟೊಳ್ಳು ಕೊಡ ಎಷ್ಟು ತೆಳ್ಳಗೆ ತೋಡಿದ್ದಾರೆ, ಮರ ಎಷ್ಟು ಒಣಗಿದೆ, ತಂತಿಗಳನ್ನು ಹೊರುವ ಕುದುರೆ ಮೇಲಿನ ತಗಡು ಎಷ್ಟು ಬಾಗಿದೆ ಅನ್ನೋದರ ಮೇಲೆ ಇದೆಲ್ಲ ಇದೆ. ಆ ತಗಡನ್ನು ಒಂಚೂರು ಉಜ್ಜಿದರೂ ನಾದ ಬೇರೆ. ಕಾರಣ ಗೊತ್ತಾಯಿತು ಅಂದ ಮಾತ್ರಕ್ಕೆ ಜೀವ ಇಲ್ಲ ಅಂತಾಗುತ್ತಾ? ನಮ್ಮ ಕಂಠಕ್ಕೂ ಕಾರಣ ಇದೆಯಲ್ಲ.

ಇದೆಲ್ಲ ಬರೀ ಭ್ರಮೆ ಅನ್ನೋಕೆ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 2010ರಲ್ಲಿ ನಡೆದ ಪಿಟೀಲು ಪ್ರಯೋಗದ ಕಥೆಯನ್ನು ಯಾರಾದರೂ ತಂದೇ ತರ್ತೀರಿ, ಗೊತ್ತು. 21 ವಾದಕರ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಮೂರು ಹಳೇದು, ಮೂರು ಹೊಸದು ಕೊಟ್ಟರು. ಯಾವುದು ಹಳೇದು ಅಂತ ಹೆಚ್ಚಿನವರಿಗೆ ತಿಳಿಯಲಿಲ್ಲ. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಜಗತ್ತೇ ಕೊಂಡಾಡೋ ಹಳೇ ಇಟಲಿ ಪಿಟೀಲು, ಒಂದು ಸ್ಟ್ರಾಡಿವೇರಿಯಸ್. ಸರಿ, ಹೆಸರಿನ ಭ್ರಮೆ ಬಿತ್ತು. ಆದರೆ ಕಣ್ಣು ಕಾಣದಿದ್ದರೂ ಅವರು ಇದು ಬೇಕು, ಇದು ಬೇಡ ಅಂದರಲ್ಲ? ಬರೀ ಮರವಾಗಿದ್ದರೆ ಆರೂ ಒಂದೇ ಅನ್ನಬೇಕಿತ್ತು. ನಮ್ಮ ತಿರುಮಕೂಡಲಿನ ಚೌಡಯ್ಯನವರು ಮರ ತಾನೆ ಅಂದುಕೊಂಡಿದ್ದರೆ, ನಾಲ್ಕು ತಂತಿಯ ಪಿಟೀಲಿನ ದನಿ ಸಾಲದು ಅಂತ ಇನ್ನೂ ಮೂರು ತಂತಿ ಸೇರಿಸೋ ಕಷ್ಟ ಯಾಕೆ ಪಡುತ್ತಿದ್ದರು?

ಗೋಡೆಗೆ ಹಾಕಿದ ಆ ವೀಣೆಗೂ ಅದರದ್ದೇ ದನಿ ಇತ್ತು. ಅದು ಮೆತ್ತಗಿತ್ತೋ ಗಡಸಾಗಿತ್ತೋ, ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಸಂಕಟ ಆಗೋದೇ ಅದಕ್ಕೆ.

ಅಟ್ಟದ ಮೇಲೆ ಅಜ್ಜಿ ಕಾಲದ ವೀಣೆ ಇಟ್ಟುಕೊಂಡು ಆ್ಯಂಟಿಕ್ ಅಂಗಡಿಗೆ ಕೊಡೋಣ ಅಂತಿರೋರು ದಯವಿಟ್ಟು ಮೊದಲು ಮೆಟ್ಟಿಲಿಗೆ ಹೊಸ ಮೇಣ ಹಾಕಿಸಿ, ತಂತಿ ಕಟ್ಟಿಸಿ, ಒಂದು ಸಲ ಯಾರ ಕೈಲಾದರೂ ನುಡಿಸಿ ಕೇಳಿ. ಆಮೇಲೂ ಬೇಡ ಅನಿಸಿದರೆ ಇನ್‌ಬಾಕ್ಸ್‌ಗೆ ಬನ್ನಿ. ಹೊಸ ವೀಣೆ ಕೊಳ್ಳೋಕಾಗದೆ ಟೀಚರ್ ಮನೆಯ ವೀಣೆ ಮೇಲೇ ಕಲಿಯೋ ಮಕ್ಕಳು ನನಗೆ ಗೊತ್ತಿದ್ದಾರೆ.