ಬಾಗಿಲು ಹೊತ್ತು ತಂದ ಊರು

ಬೇಲಿ ಮತ್ತೆ ಉದ್ದವಾಗುತ್ತಿದೆಯಂತೆ. ಗ್ರೀಸಿನ ಈಶಾನ್ಯ ಮೂಲೆ, ಎವ್ರೋಸ್ ನದಿ, ಆಚೆ ದಡ ಟರ್ಕಿ. ಆಚೆಯಿಂದ ನಿರಾಶ್ರಿತರು ಬಾರದಂತೆ ಗ್ರೀಸ್ ಹಾಕಿಸಿದ ಬೇಲಿ. 2012ರಲ್ಲಿ ಹತ್ತು ಕಿಲೋಮೀಟರ್ ಚಿಲ್ಲರೆ ಇತ್ತು, 2021ಕ್ಕೆ 40 ಆಯಿತು, 2023ರಲ್ಲಿ ಇನ್ನೂ 35ಕ್ಕೆ ಸಹಿ ಬಿತ್ತು. ಅದರ ಪಕ್ಕದ ನೇಆ ವಿಸ್ಸಾ ಎಂಬ ಹಳ್ಳಿ ಬೆಳ್ಳುಳ್ಳಿಗೆ ಹೆಸರುವಾಸಿ. ಆದರೆ ಫಸಲು ಅಂದರೆ ಬೇಲಿಯದು. ವರ್ಷದಿಂದ ವರ್ಷಕ್ಕೆ ಇಳುವರಿ ಏರುತ್ತಲೇ ಇದೆ. ನಮ್ಮ ಗಾದೆಯ ಬೇಲಿ ಎದ್ದು ಹೊಲ ಮೇಯುತ್ತದೆ. ಇದು ನೇರವಾಗಿ ಬೊಕ್ಕಸಕ್ಕೇ ಬಾಯಿ ಹಾಕುತ್ತದೆ.

ಇದೆಲ್ಲ ಯಾರ ರಕ್ಷಣೆಗೆ? ಈಚೆ ಗ್ರೀಸಿನ ಒರೆಸ್ಟಿಯಾಡಾದಂಥ ಊರುಗಳ ರಕ್ಷಣೆಗೆ. ಆ ಊರು ಹುಟ್ಟಿದ ಕತೆ ಕೇಳಿ. ಗ್ರೀಸ್-ಟರ್ಕಿ ಯುದ್ಧಕ್ಕೆ ತೆರೆ ಎಳೆದ 1923ರ ಲೊಸಾನ್ ಒಪ್ಪಂದದ ಹೊತ್ತಿಗೆ, ಯುದ್ಧದಲ್ಲಿ ಮಾಡಿದ ಹಾನಿಗೆ ಗ್ರೀಸ್ ಟರ್ಕಿಗೆ ಪರಿಹಾರ ಕೊಡಬೇಕಿತ್ತು. ಜೇಬಿನಲ್ಲಿ ಕಾಸಿರಲಿಲ್ಲ. ಹೋಟೆಲಿನಲ್ಲಿ ಉಂಡವನು ಕೈಗಡಿಯಾರ ಬಿಚ್ಚಿಕೊಡುವ ಹಾಗೆ, ಟರ್ಕಿಯ ಎದಿರ್ನೆ ಪಟ್ಟಣದ ಎದುರು ದಡದಲ್ಲಿದ್ದ ಕರಾಆಚ್ ಎಂಬ ಊರನ್ನೇ ಬಿಚ್ಚಿ ಕೊಟ್ಟಿತು. ಅಲ್ಲಿದ್ದ ಗ್ರೀಕರು ಮನೆಗಳ ಬಾಗಿಲು, ಕಿಟಕಿ, ಹೆಂಚು ಕಿತ್ತು ಗಾಡಿಗೆ ಹೇರಿಕೊಂಡು, ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರಿನೊಳಗೆ ಒಂದು ಬಯಲಿಗೆ ಬಂದು ಇಳಿದರು. ಪಟ್ಟಿ ಹಿಡಿದು ಗೆರೆ ಎಳೆದಂಥ ಬೀದಿಗಳ ಹೊಸ ಊರು ಎದ್ದಿತು. ಅಂದರೆ ಊರಿಗೆ ಊರೇ ನಿರಾಶ್ರಿತರದು. ಈಗ ಇದೇ ಊರನ್ನು ನಿರಾಶ್ರಿತರಿಂದ ಕಾಪಾಡಬೇಕು.

ಹೆಸರಿಗೂ ಒಂದು ಪುರಾಣವಿದೆ. ಗ್ರೀಕ್ ಪುರಾಣದ ರಾಜ ಆಗಮೆಮ್ನನ್‌ನ ಮಗ ಒರೆಸ್ಟಿಸ್ ತಾಯಿಯನ್ನು ಕೊಂದು ಹುಚ್ಚನಾಗಿ ಅಲೆದು, ಎದಿರ್ನೆಯ ಬಳಿ ಮೂರು ನದಿಗಳು ಕೂಡುವಲ್ಲಿ ಮಿಂದು ವಾಸಿಯಾದನಂತೆ. ತಾಯಿಯನ್ನು ಕೊಂದ ಮಗ ಎಂದರೆ ನಮಗೆ ಪರಶುರಾಮ ನೆನಪಾಗುತ್ತಾನೆ. ಆದರೆ ಅವನಿಗೆ ವರ ಕೊಡಲು ಜಮದಗ್ನಿ ಇದ್ದ. ಇವನ ಅಪ್ಪನನ್ನು ಆ ತಾಯಿಯೇ ಮೊದಲು ಮುಗಿಸಿದ್ದಳು. ಇರಲಿ. ಹುಚ್ಚು ಬಿಡಿಸುವ ಆ ಸಂಗಮ ಈಗಲೂ ಅಲ್ಲೇ ಇದೆ. ಎರಡೂ ಸರ್ಕಾರಗಳು ಯಾಕೆ ಒಮ್ಮೆ ಮುಳುಗಿ ಏಳಬಾರದು ಎಂದು ಕೇಳಿದರೆ ನಾನು ಕುಚೋದ್ಯಗಾರ.

ಹುಚ್ಚಿಗೆ ಸಾಕ್ಷಿ ಬೇಕೆ? ರೈಲು ನೋಡಿ. ಹಳಿ ಹಾಕಿದ್ದು ಆಟೊಮನ್ ಸಾಮ್ರಾಜ್ಯದ ಕಾಲದಲ್ಲಿ, ಗಡಿ ಬಂದದ್ದು ಆಮೇಲೆ. ಹಾಗಾಗಿ ಇಸ್ತಾಂಬುಲ್‌ನಿಂದ ಎದಿರ್ನೆಗೆ, ಅಂದರೆ ತನ್ನದೇ ದೇಶದ ಒಂದು ಊರಿನಿಂದ ಇನ್ನೊಂದಕ್ಕೆ, ರೈಲಿನಲ್ಲಿ ಹೊರಟ ತುರ್ಕ ಗ್ರೀಸ್ ಹಾದು ಹೋಗಬೇಕಿತ್ತು. ಒರೆಸ್ಟಿಯಾಡಾದಿಂದ ಉತ್ತರದ ಹಳ್ಳಿಗೆ ಹೊರಟ ಗ್ರೀಕ ಟರ್ಕಿ ಹಾದು ಹೋಗಬೇಕಿತ್ತು. ಮಾವನ ಮನೆಗೆ ಹೋಗಲು ಶತ್ರು ದೇಶದ ದಾರಿ! ಇದು ಸರಿಹೋಗಿದ್ದು 1971ರಲ್ಲಿ. ಸುಮಾರು ಐದು ದಶಕ. ಕರಾಆಚ್‌ನ ಆ ಭವ್ಯ ನಿಲ್ದಾಣ ಈಗ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ. ಅಲ್ಲಿಗೆ ಆ ಜಾಗಕ್ಕೆ ಬುದ್ಧಿ ಬಂದಿದೆ ಅನ್ನಬಹುದು.

ನದಿಗೂ ಬುದ್ಧಿ ಹೇಳಿ ಸಾಕಾಗಿದೆ. ಬಲ್ಗೇರಿಯಾದಲ್ಲಿ ಮರಿತ್ಸಾ, ಗ್ರೀಸಿನಲ್ಲಿ ಎವ್ರೋಸ್, ಟರ್ಕಿಯಲ್ಲಿ ಮೆರಿಚ್. ಮೂರು ಹೆಸರು ಕೊಟ್ಟರೂ ಹದ್ದುಬಸ್ತಿಗೆ ಬರಲಿಲ್ಲ. ಪ್ರವಾಹ ಬಂದಾಗಲೆಲ್ಲ ಪಾತ್ರ ಬದಲಿಸುತ್ತದೆ, 1926ರಲ್ಲಿ ಗುರುತು ಹಾಕಿದ ಗಡಿ ಮಾತ್ರ ಅಲ್ಲೇ ನಿಂತಿದೆ. 2020ರಲ್ಲಿ ಒಂದು ತುಂಡು ಮರಳಿಗೆ ಎರಡು ದೇಶಗಳು ಮುಖ ಊದಿಸಿಕೊಂಡದ್ದು ಹೀಗೆಯೇ. 2018ರಲ್ಲಂತೂ ಕೆಟ್ಟ ಹವೆಯಲ್ಲಿ ಗಸ್ತು ತಿರುಗುತ್ತಿದ್ದ ಇಬ್ಬರು ಗ್ರೀಕ್ ಸೈನಿಕರು ದಾರಿ ತಪ್ಪಿ ಆಚೆ ಕಾಲಿಟ್ಟು, ಐದು ತಿಂಗಳಿಗೂ ಮೀರಿ ಎದಿರ್ನೆಯ ಜೈಲಿನಲ್ಲಿ ಕೂತರು. ಗಡಿ ಕಾಯುವವರಿಗೇ ಗಡಿ ಕಾಣದಿದ್ದರೆ, ರಾತ್ರಿ ರಬ್ಬರ್ ದೋಣಿಯಲ್ಲಿ ಬರುವ ಆಫ್ಘನ್ ಹುಡುಗನಿಗೆ ಕಾಣಬೇಕೇನು?

2020ರ ಫೆಬ್ರವರಿ ಕೊನೆಗೆ ಟರ್ಕಿ ನಿರಾಶ್ರಿತರಿಗೆ ‘ಬಾಗಿಲು ತೆರೆದಿದೆ, ಹೋಗಿ’ ಎಂದಿತು. ಗ್ರೀಸ್ ಅಶ್ರುವಾಯು ಸಿಡಿಸಿತು, ಆಶ್ರಯದ ಅರ್ಜಿಗಳನ್ನೇ ಒಂದು ತಿಂಗಳು ಮುಟ್ಟಲಿಲ್ಲ. ಯುರೋಪಿಯನ್ ಆಯೋಗದ ಅಧ್ಯಕ್ಷೆ ಗಡಿಯ ಹಳ್ಳಿ ಕಸ್ತನ್ಯೆಸ್‌ಗೆ ಬಂದು ಗ್ರೀಸನ್ನು ಯುರೋಪಿನ ‘ಗುರಾಣಿ’ ಎಂದು ಕೊಂಡಾಡಿದರು. ಎಂಥ ಬಿರುದು! ಏಟು ಗುರಾಣಿಗೆ, ಹಾರ ಹಿಡಿದವರಿಗೆ. ಮುಂದಿನ ವರ್ಷ ಗಡಿಗೆ ಜೆಟ್ ವಿಮಾನದಷ್ಟು ಕಿರುಚುವ ಶಬ್ದಯಂತ್ರವೂ ಬಂತು. ಮನುಷ್ಯ ಬರಬಾರದೆಂದು ಅರಚುವ ಯಂತ್ರ.

ನಗಬೇಕೆಂದೇ ಕೂತೆ, ಆಗುತ್ತಿಲ್ಲ. ಅಲೆಕ್ಸಾಂಡ್ರೂಪೊಲಿಯ ಆಸ್ಪತ್ರೆಯ ವಿಧಿವಿಜ್ಞಾನ ವೈದ್ಯರೊಬ್ಬರು ವರ್ಷಾನುಗಟ್ಟಲೆಯಿಂದ ಆ ನದಿಯಲ್ಲಿ ಸಿಕ್ಕ ಹೆಣಗಳ ಉಂಗುರ, ಗಡಿಯಾರ, ಫೋನುಗಳನ್ನು ಲಕೋಟೆಗಳಲ್ಲಿ ಇಟ್ಟು ಕಾಯುತ್ತಿದ್ದಾರೆ, ಯಾರಾದರೂ ಕೇಳಿಕೊಂಡು ಬಂದಾರೆಂದು. ಹೆಸರು ಸಿಗದ ಮುಸ್ಲಿಮರನ್ನು ಸಿದಿರೋ ಎಂಬ ಹಳ್ಳಿಯ ಗುಡ್ಡದ ಮೇಲೆ ಮಣ್ಣು ಮಾಡುತ್ತಾರೆ. ಬೇಲಿಯ ಉದ್ದ ಎಲ್ಲರ ಬಾಯಲ್ಲೂ ಇದೆ. ಲಕೋಟೆ ಎಷ್ಟು ಎಂದು ಕೇಳುವ ಒಬ್ಬ ಮಂತ್ರಿ ಇಲ್ಲ. ಥೂ.

ಇಷ್ಟೆಲ್ಲದರ ನಡುವೆ, ಟರ್ಕಿಯ ಹಣ ಲಿರಾದ ಬೆಲೆ ಬಿದ್ದಾಗಲೆಲ್ಲ ಇದೇ ಗಡಿಯ ಗೇಟಿನಲ್ಲಿ ಗ್ರೀಕರ ಕಾರುಗಳು ಸಾಲು ನಿಲ್ಲುತ್ತವೆ. ಆಗ ಎದಿರ್ನೆಯ ಸಂತೆಯಲ್ಲಿ ಎಲ್ಲವೂ ಅಗ್ಗ. ದಾರಿ ಹೋಗುವುದು ಕರಾಆಚ್ ಮೂಲಕವೇ. ಅಜ್ಜ ಕಿಟಕಿ ಬಾಗಿಲು ಕಿತ್ತುಕೊಂಡು ಹೊರಟ ಬೀದಿಯಲ್ಲಿ ಮೊಮ್ಮಗ ಡಿಟರ್ಜೆಂಟ್ ಚೀಲ ತುಂಬಿಕೊಂಡು ವಾಪಸು ಬರುತ್ತಾನೆ. ಅವನ ಪಾಸ್‌ಪೋರ್ಟು ನೋಡಿ, ನಕ್ಕು ಒಳಗೆ ಬಿಡುತ್ತಾರೆ.