ಶಾಕಪ್ ಅಳತಿ ಕೇಳಿದ್ರ ನಗೂದೇನದರೀ?

ಹೊಸಾ ಶಾಕಪ್ ಹಾಕ್ಸಿ ಬರೇ 9 ದಿನ. ಹಿಂದಿನ ಎಡಗಡಿದು ಮ್ಯಾಲಿನ ಬೋಲ್ಟ್ ಕೂಡೂ ರಿಂಗ್ ವೆಲ್ಡಿಂಗ್ ಬಿಟ್ಟದ, ಚಿಂಚೋಳಿ ದಾರ್ಯಾಗ. ಬಿಡ್ಲಾರ್ದ ಏನ್ ಮಾಡ್ತದ? ಪೂರಾ ಒತ್ತಿದ್ರೂ ಅದು 385 ಮಿಲಿಮೀಟರ್ ಕೆಳಗ ಇಳಿಯಂಗಿಲ್ಲ. ಬೇಕಾಗಿದ್ದು 340. ಅವತ್ತೇ ಹೇಳಿದ್ದೆ. ಪಾರ್ಟ್ಸ್ ಅಂಗಡಿ ಕೌಂಟರ್ ಮುಂದ ನಿಂತು ಹೇಳಿದ್ದೆ!

ಟೇಪ್ ತೆಗ್ದು ಡಬ್ಬಿ ಬಾಜೂ ಇಟ್ಟೆ. ಮಾಲಕ ಟೇಪ್ ನೋಡ್ದ, ನನ್ನ ಮಾರಿ ನೋಡ್ದ. "ಏನ್ ಸಾಹೇಬ್ರ, ಪ್ಯಾಂಟ್ ಹೊಲಿಸ್ಲಾಕ ಬಂದೀರೇನು? ಟೇಲರ್ ಆ ಕಡಿ ಇದಾನ." ಅಂಗಡಿ ತುಂಬ ನಗು. ಆಯಿಲ್ ಡಬ್ಬಿ ಮ್ಯಾಲ ಕುಂತ ಡ್ರೈವರ್ ನಕ್ಕ, ಪಾನಾ ಹಿಡ್ಕೊಂಡು ನಿಂತ ಹುಡುಗ ನಕ್ಕ. ಚಾ ತಂದಾವ, ಗಾಡಿದು ಗಂಧಾನೂ ಗೊತ್ತಿಲ್ಲದಾವ, ಕಪ್ಪಿನಾಗಿನ ಚಾ ಚೆಲ್ಲೂ ಹಂಗ ನಕ್ಕ. ಖರೆ ಹೇಳ್ಲಿ? ನಾನೂ ನಕ್ಕೆ. ಹೆ ಹೆ ಅಂತ ಟೇಪ್ ಸುತ್ತಿ ಕಿಸೇದಾಗ ಇಟ್ಕೊಂಡು ರೊಕ್ಕ ಎಣಿಸಿ ಕೊಟ್ಟೆ. ಅದೇ ಚುಚ್ಚಲತ್ತದ ನೋಡ್ರಿ ಇನ್ನಾ.

"ಉದ್ದ ಇದ್ರ ಛಲೋ ಸಾಹೇಬ್ರ, ಲೋಡ್ ತಡೀತದ" ಅಂದ. ಶಾಕಪ್ ಲೋಡ್ ತಡಿಯಂಗಿಲ್ಲಪ್ಪೋ! ತೊಗರಿ ಚೀಲ ಹೊರೂದು ಕಮಾನ್ ಪಾಟಾ. ಆ ಪಾಟಾದ ಕುಣಿತ ನಿಲ್ಸೂದಷ್ಟೇ ಶಾಕಪ್ ಕೆಲಸ. ಅವ ಕೊಟ್ಟಿದ್ದು 2 ಇಂಚ್ ಎತ್ತರ ಮಾಡಿದ ಗಾಡಿ ಮಾಲು. ನಮ್ದು ಕಂಪನಿ ಎತ್ತರ.

ಲೆಕ್ಕ ಎಷ್ಟು ಸಸಾರ ಅದ ನೋಡ್ರಿ. ಗಾಡಿ ಸಪಾಟ ನೆಲದ ಮ್ಯಾಲ ನಿಂತಾಗ ಮ್ಯಾಲಿನ ಬೋಲ್ಟಿನ ನಡುವಿಂದ ಕೆಳಗಿನ ಬೋಲ್ಟಿನ ನಡುವಿನತನ 430. ಆಕ್ಸಲ್‌ಗೂ, ಅದು ಚಾಸಿಗಿ ಬಡೀದಂಗ ಹಾಕಿದ ಬಂಪ್ ರಬ್ಬರಿಗೂ ಸಂದು 70; ಶಾಕಪ್ 20 ಡಿಗ್ರಿ ಓರೆ ಕುಂತದ, ಅದರ ಪಾಲಿಗಿ ಬರೂದು 66. ಉಳೀತು 364. ಪೆಟ್ಟು ಬಿದ್ದಾಗ ರಬ್ಬರ್ ತಾನೂ ಒಂದು 20 ಅಮುಕ್ತದ, ಓರೆ ಲೆಕ್ಕದಾಗ 19, ಅಲ್ಲಿಗಿ 345. ಅದಕ್ಕೇ 340 ಅಂದಿದ್ದು. 385ದು ಹಾಕಿದ್ರ 45 ಇಳಿದ ಕೂಡ್ಲೇ ಒಳಗ ಕಬ್ಬಿಣಕ್ಕ ಕಬ್ಬಿಣ, ಆಮ್ಯಾಲಿನ ಪೆಟ್ಟೆಲ್ಲ ರಿಂಗಿಗಿ. ಇವತ್ತ ಗಾಡಿ ಕೆಳಗ ಹೊಕ್ಕು ನೋಡಿದ್ರ ಬಂಪ್ ರಬ್ಬರಿನ ಮ್ಯಾಲಿನ ಧೂಳು ಒಂದು ಗೀರೂ ಬೀಳ್ದಂಗ ಹಂಗೇ ಕುಂತದ. 9 ದಿನದಾಗ ಆಕ್ಸಲ್ ಒಮ್ಮಿನೂ ಅದಕ್ಕ ಮುಟ್ಟಿಲ್ಲ!

ಪೂರಾ ಜಗ್ಗಿ ಬಿಚ್ಚಿದಾಗಿನ ಉದ್ದಾನೂ ಅದ. ಚಾಸಿ ಎತ್ತಿ ಆಕ್ಸಲ್ ಜೋತು ಬಿಟ್ಟಾಗ 520 ಬಂದ್ರ ಶಾಕಪ್ 530 ಅರ ಇರ್ಬೇಕು, ಇಲ್ಲಾಂದ್ರ ಆಕ್ಸಲ್ ಅದಕ್ಕೇ ಜೋತು ಬೀಳ್ತದ. ಬ್ರೇಕ್ ಪೈಪ್ ಜಗ್ಗತದೇನು ಅಂತನೂ ಆಗೇ ನೋಡ್ಕೋಬೇಕು.

ಒತ್ತಿದಾಗ ಎಷ್ಟು, ಬಿಚ್ಚಿದಾಗ ಎಷ್ಟು. ಎರಡು ನಂಬರ್. 'ಹೆವಿ ಡ್ಯೂಟಿ' ಅಂತ ಗೇಣುದ್ದ ಬರ್ದಾರ, ಈ ಎರಡು ನಂಬರಿಗಿ ಡಬ್ಬಿ ಮ್ಯಾಲ ಜಾಗಾ ಇಲ್ಲೇನು? ಯಾರರ ಹೇಳ್ರಿ. ಮಾಡಾವ ಹೇಳ್ಲಿ, ಮಾರಾವ ಹೇಳ್ಲಿ, ಆ ಚಾ ಹುಡುಗ ಅರ ಹೇಳ್ಲಿ!

ಹೋಗ್ಲಿ ಬಿಡ್ರಿ. ದಿನಾ ಎಷ್ಟೋ ಗಿರಾಕಿ, ಅವನದೇನು ತಪ್ಪು? ಇಲ್ಲ, ಅವನದೇ ತಪ್ಪು. "ಮೊನೋಟ್ಯೂಬ್ ಒಯ್ರಿ, ಒಂದ್ ನಂಬರ್ ಮಾಲು" ಅಂತನೂ ಅಂದಿದ್ದ. ಒಂದೇ ಕೊಳವಿ ಶಾಕಪ್ ಅದು. ಬಿಸಿ ಬೇಗ ಬಿಡ್ತದ, ಗ್ಯಾಸ್ ಒತ್ತಡಕ್ಕ ಆಯಿಲ್ ನೊರಿ ಏಳಂಗಿಲ್ಲ. ನಮ್ಮ 42 ಡಿಗ್ರಿ ಬಿಸಲಾಗ ಅದು ಸಣ್ಣ ಮಾತಲ್ಲ, ಒಪ್ತೀನಿ. ಆದ್ರ ಅದರಾಗ ಪಿಸ್ಟನ್ ಓಡೂದು ಹೊರಗಿನ ಕೊಳವಿಯೊಳಗೇ. ಶಹಾಬಾದ್ ಫರ್ಸಿ ಚೂರು ಹಾರಿ ಒಂದು ತಗ್ಗು ಬಿತ್ತು, ಪಿಸ್ಟನ್ ಸಿಕ್ಕಿಬಿತ್ತು, ಕಥಿ ಮುಗೀತು. ಎರಡು ಕೊಳವಿದು ಅಂಥ ಸಣ್ಣ ತಗ್ಗು ನುಂಗ್ಕೋತದ.

ಫಿಟ್ಟಿಂಗ್ ಅರ ನೆಟ್ಟಗಿತ್ತಾ? ಗಾಡಿ ಜಾಕ್ ಮ್ಯಾಲ ಇದ್ದಾಗೇ ಹುಡುಗ ಬೋಲ್ಟ್ ಪೂರಾ ಬಿಗ್ದ. ಬಿಗೀಬೇಕಾಗಿದ್ದು ಟೈರ್ ನೆಲಕ್ಕ ಊರಿದ ಮ್ಯಾಲ. ಇಲ್ಲಾಂದ್ರ ಗಾಡಿ ನಿಂತಲ್ಲೇ ರಿಂಗಿನೊಳಗಿನ ರಬ್ಬರ್ ಬುಷ್ ತಿರುಚ್ಕೊಂಡು ಇರ್ತದ, ಲಗೂ ಹರೀತದ. ಕಣ್ಣ ಮುಂದೇ ಮಾಡ್ದ, ನಾ ಬಾಯಿ ಬಿಡ್ಲಿಲ್ಲ. ಟೇಲರ್ ಅಲ್ಲೇನು ನಾನು, ನನಗೇನ್ ತಿಳೀತದ?

ಫಿಟ್ ಆದ ಮಾಲ್ ವಾಪಸ್ ಇಲ್ಲ ಅಂತ ಫೋನಿನಾಗ ಅಂದಾನ. ಇನ್ನ ಆ ಅಂಗಡಿ ಮೆಟ್ಟಿಲ ಹತ್ತಂಗಿಲ್ಲ. ಹತ್ತಂಗಿಲ್ಲ ಅಂದ್ರ ಹೆಂಗ, 16 ಮಿಲಿಮೀಟರ್ ಬುಷ್ ಇರೂದೇ ಅವನ ಹಂತೇಕ. ಮುರಿದಿದ್ದು ಒಂದಾದ್ರೂ ಆಕ್ಸಲಿನವು ಎರಡೂ ಬದಲಿ ಆಗ್ಬೇಕು. ನಾಳಿ ಹೋಗ್ತೀನಿ. ಟೇಪ್ ಜೋಡಿ ಒಂದು ಪ್ಯಾಂಟ್ ಪೀಸೂ ಒಯ್ತೀನಿ.