ಐನೂರು ವರ್ಷದ ತಾತ್ಕಾಲಿಕ ಮನೆ

ಆ ಫೋಟೊ ನೀವೂ ನೋಡಿದ್ದೀರಿ, ಬಿಡಿ. ಕೆಮ್ಮಣ್ಣಿನ ಬಣ್ಣದ ಗೋಡೆ, ಪಕ್ಕದಲ್ಲಿ ನೀಲಿ ಈಜುಕೊಳ, ಕೆಳಗೆ 'ಮಣ್ಣಿಗೆ ಮರಳೋಣ' ಎಂಬ ಒಕ್ಕಣೆ. ಗೋಡೆಯೊಳಗೆ ಇರುವುದು ಸಿಮೆಂಟ್ ಬ್ಲಾಕು, ಮೇಲೆ ಬಳಿದಿರುವುದು ಮಣ್ಣಿನಂತೆ ಕಾಣುವ ಟೆಕ್ಸ್ಚರ್ ಪೇಂಟು. ಮಣ್ಣು ಅಂತ ಇದ್ದರೆ ಹೂಕುಂಡದಲ್ಲಿ. ಇದರ ಹೆಸರು ಪರಿಸರಸ್ನೇಹಿ ಮನೆ. ಅದೇ ಬಣ್ಣದ ಗೋಡೆಯೊಳಗೆ ನಿಜವಾಗಿಯೂ ಮಣ್ಣಿದ್ದು, ಈಜುಕೊಳದ ಜಾಗದಲ್ಲಿ ನಾಲ್ಕು ಕೋಳಿ ಕೆದರುತ್ತಿದ್ದರೆ ಹೆಸರು ಬೇರೆ: ಕಚ್ಚಾ ಮನೆ. ಅರ್ಜಿ ನಮೂನೆಯಲ್ಲಿ ಅದಕ್ಕೊಂದು ಖಾನೆಯೂ ಉಂಟು, 'ತಾತ್ಕಾಲಿಕ'.

ಈ ಖಾನೆಯ ಸುದ್ದಿ ಯೆಮೆನ್ ದೇಶದ ಶಿಬಾಮ್ ಪಟ್ಟಣಕ್ಕೆ ಇನ್ನೂ ತಲುಪಿದಂತಿಲ್ಲ. ಅಲ್ಲಿಯ ಜನ 16ನೇ ಶತಮಾನದಿಂದ ತಾತ್ಕಾಲಿಕವಾಗಿ ವಾಸವಾಗಿದ್ದಾರೆ, ಅದೂ ಏಳೆಂಟು ಅಂತಸ್ತಿನ ಮನೆಗಳಲ್ಲಿ. ಎಲ್ಲ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ, ಸುಡುವ ಗೋಜೇ ಇಲ್ಲ. ಗೋಡೆ ಬುಡದಲ್ಲಿ ದಪ್ಪ, ಏರಿದಂತೆ ತೆಳು. ಮಳೆಗೆ ಮೊದಲು ತಲೆಯೊಡ್ಡುವ ನೆತ್ತಿಗೆ ಸುಣ್ಣದ ಗಾರೆ. 1982ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿ ಮಾಡುವವರೇ ಬೇರೆ, ನಮೂನೆ ಅಚ್ಚು ಹಾಕಿಸುವವರೇ ಬೇರೆ.

ಚೀನಾದ ಫುಜಿಯಾನ್ ಪ್ರಾಂತ್ಯದ ತುಲೋಗಳದ್ದು ಇನ್ನೂ ತಮಾಷೆ. ದಮ್ಮಸು ಹೊಡೆದ ಮಣ್ಣಿನ ದುಂಡು ಕೋಟೆಯಂಥ ಮನೆಗಳು, ಒಂದೊಂದರಲ್ಲಿ ಇಡೀ ಒಂದು ಕುಲದ ಸಂಸಾರ. ಶೀತಲ ಸಮರದ ದಿನಗಳಲ್ಲಿ ಉಪಗ್ರಹದ ಚಿತ್ರ ನೋಡಿದ ಅಮೆರಿಕದವರು ಇವನ್ನು ಕ್ಷಿಪಣಿ ಬಚ್ಚಿಟ್ಟ ಗುಂಡಿಗಳೆಂದು ತಿಳಿದು ಗಾಬರಿಬಿದ್ದರಂತೆ. ನಿಜವೋ ಕಟ್ಟುಕತೆಯೋ, ಕೇಳಲಿಕ್ಕಂತೂ ಸೊಗಸು. ಒಳಗೆ ಅಜ್ಜಿಯರು ಸೊಪ್ಪು ಸೋಸುತ್ತಾ ಕೂತಿದ್ದಾರೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಸೇನಾಧಿಕಾರಿಗಳಿಗೆ ಬೆವರು ಕಿತ್ತುಕೊಂಡಿದೆ! ಮಣ್ಣಿನ ಮನೆಯನ್ನು ಯಾವುದೋ ಒಂದು ಸರ್ಕಾರ ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಈಗ ಮಣ್ಣಿನ ಮನೆ ಕಟ್ಟುವುದಕ್ಕೂ ಸಲಹೆಗಾರರಿದ್ದಾರೆ, ದಪ್ಪನೆಯ ವರದಿ ಕೊಡುತ್ತಾರೆ. ಪ್ರಯೋಗಾಲಯದ ಪರೀಕ್ಷೆ ಬೇಡವೆಂದಲ್ಲ, ಆದರೆ ವರದಿಯ ಮೊದಲ ಹತ್ತು ಪುಟದಷ್ಟು ವಿಷಯ ಅಂಗೈಯಲ್ಲೇ ತಿಳಿಯುತ್ತದೆ. ತೇವದ ಮಣ್ಣನ್ನು ಬಿಗಿಯಾಗಿ ಉಂಡೆ ಕಟ್ಟಿ, ಸುಮಾರು 1.5 ಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಿ. ನಾಲ್ಕೈದು ಹೋಳಾದರೆ ದಮ್ಮಸಿಗೆ ಹದ ಸರಿಯಿದೆ. ಸಗಣಿಯಂತೆ ಪಚಕ್ಕನೆ ಕೂತರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ. ಗಾಜಿನ ಜಾಡಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಕುಲುಕಿಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಕೂರಲು ಒಂದು ದಿನವಾದರೂ ಬೇಕು. ಹಸಿ ಇಟ್ಟಿಗೆಗೆ ಜೇಡಿ ಶೇ 15ರಿಂದ 30ರೊಳಗಿದ್ದರೆ ಕ್ಷೇಮ. ಜಾಸ್ತಿಯಾದರೆ ಒಣಗುವಾಗ ಸೀಳು, ಕಡಿಮೆಯಾದರೆ ಬೆರಳಿಟ್ಟು ತೀಡಿದರೂ ಉದುರು. ದಮ್ಮಸಿನ ಗೋಡೆಗೆ ಒಂದು ಸಲಕ್ಕೆ 15 ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಸುರಿಯುವಂತಿಲ್ಲ. ಕುಟ್ಟಿ ಕುಟ್ಟಿ 10ಕ್ಕೆ ಇಳಿಯುವ ಹೊತ್ತಿಗೆ ಧಪ್ ಧಪ್ ಎನ್ನುತ್ತಿದ್ದ ಸದ್ದು ಠಣ್ ಎನ್ನತೊಡಗುತ್ತದೆ. ಆಗ ನಿಲ್ಲಿಸಬೇಕು. ಈ ಠಣ್ ಅನ್ನು ಯಾವ ವರದಿಯಲ್ಲೂ ಅಚ್ಚು ಹಾಕಲಾಗದು, ಹಾಗಾಗಿ ಅದಕ್ಕೆ ಶುಲ್ಕವಿಲ್ಲ.

ಹಾಗೆಂದು ಮಣ್ಣಿನ ಭಜನಾ ಮಂಡಳಿಗೆ ತಾಳ ಹಾಕಲೂ ಮನಸ್ಸಿಲ್ಲ. 2003ರ ಡಿಸೆಂಬರ್ 26ರ ಬೆಳಗಿನ ಜಾವ ಇರಾನಿನ ಬಾಮ್ ನಗರ ನಡುಗಿದಾಗ ಸತ್ತವರು 26 ಸಾವಿರಕ್ಕೂ ಮಿಕ್ಕಿ. ಹಸಿ ಇಟ್ಟಿಗೆಯ ಗೋಡೆಗಳ ತಲೆಯ ಮೇಲೆ ಭಾರದ ಚಾವಣಿ ಕೂತಿತ್ತು, ಗೋಡೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವುದು ಏನೂ ಇರಲಿಲ್ಲ. ಕುಸಿದ ಮಣ್ಣು ಪುಡಿಯಾಗಿ, ಸಿಕ್ಕಿಕೊಂಡವರಿಗೆ ಉಸಿರಾಡುವಷ್ಟು ಸಂದನ್ನೂ ಉಳಿಸಲಿಲ್ಲ. ಗೋಡೆಯ ನೆತ್ತಿಗೆ ಸುತ್ತಲೂ ಒಂದು ಪಟ್ಟಿ, ಒಳಗೆ ಬಿದಿರಿನ ಗಳ, ಹಗುರ ಚಾವಣಿ, ಮೂಲೆಯಿಂದ ದೂರ ಕಿಟಕಿ: ಇಷ್ಟು ಮಾಡಿದರೆ ಗೋಡೆ ಬಿರುಕು ಬಿಟ್ಟರೂ ಒಮ್ಮೆಗೇ ತಲೆಯ ಮೇಲೆ ಬೀಳುವುದಿಲ್ಲ. ನ್ಯೂಜಿಲೆಂಡ್ ಕೂಡ ಭೂಕಂಪದ ನಾಡೇ. ಅದು 1998ರಲ್ಲೇ ಮಣ್ಣಿನ ಕಟ್ಟಡಕ್ಕೆ ಮಾನಕ ಬರೆದಿಟ್ಟಿತು. ಉಳಿದ ಎಷ್ಟೋ ಕಡೆ ಮಾನಕ ಬರೆಯುವ ಕಷ್ಟಕ್ಕಿಂತ ಮಣ್ಣನ್ನೇ ನಿಷೇಧಿಸುವುದು ಸುಲಭವಾಗಿ ಕಂಡಿದೆ.

ನಿಷೇಧವಾದರೂ ವಾಸಿ. ಉದ್ಧಾರ ಮಾಡಲು ಬರುತ್ತಾರಲ್ಲ, ಅವರ ಕೈಗೆ ಸಿಕ್ಕ ಗೋಡೆ ಕೆಟ್ಟಿತು. ಚೆನ್ನಾಗಿ ನಿಂತಿರುವ ಮಣ್ಣಿನ ಗೋಡೆಗೆ 'ಗಟ್ಟಿಯಾಗಲಿ' ಎಂದು ಸಿಮೆಂಟ್ ಗಾರೆ ಮೆತ್ತುತ್ತಾರೆ. ಮಣ್ಣು ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಸಿಮೆಂಟಿಗೆ ಆ ಅಭ್ಯಾಸವಿಲ್ಲ, ಕೂದಲೆಳೆಯಷ್ಟು ಸೀಳುತ್ತದೆ. ಸೀಳಿನಿಂದ ನೀರು ಒಳಗಿಳಿಯುತ್ತದೆ, ಹೊರಗೆ ಆರಿಹೋಗಲು ದಾರಿಯಿಲ್ಲ. ಹೊರಗಿನಿಂದ ಎಲ್ಲ ನುಣುಪು. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಹಿಂದೆ ಬುಡದ ಮಣ್ಣು ಅಂಬಲಿಯಾಗಿ ಕೆಳಗೆ ಕೂತಿರುತ್ತದೆ, ಎರಡು ಸೆಂಟಿಮೀಟರ್ ಸಿಮೆಂಟಿನ ಸಿಪ್ಪೆ ಮಾತ್ರ ಅಭಿಮಾನಕ್ಕೆ ನಿಂತಿರುತ್ತದೆ. ಆ ಸಿಪ್ಪೆಯ ಈಚೆ ಮಕ್ಕಳು ಮಲಗಿರುತ್ತಾರೆ ಎನ್ನುವುದನ್ನು ನೆನೆದರೆ ವಿಡಂಬನೆ ಬರೆಯುವ ಹುಕಿಯೇ ಸತ್ತುಹೋಗುತ್ತದೆ. ಇದು ಗೊತ್ತಿಲ್ಲದ ವಿದ್ಯೆಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ರಾಂಚೋಸ್ ದೆ ತಾವೋಸ್‌ನ ಹಳೆಯ ಇಗರ್ಜಿಗೆ 1967ರಲ್ಲಿ ಹೀಗೇ ಸಿಮೆಂಟ್ ಬಳಿದರು. ಒಳಗೆ ಗೋಡೆ ಕೊಳೆತದ್ದು ಕಂಡು ಹತ್ತು ಹನ್ನೆರಡು ವರ್ಷದಲ್ಲಿ ಎಲ್ಲ ಕೆತ್ತಿ ತೆಗೆದು ಮತ್ತೆ ಮಣ್ಣು ಮೆತ್ತಿದರು.

'ಆದರೆ ವರ್ಷವರ್ಷ ಮೆತ್ತಬೇಕಲ್ಲ' ಎನ್ನುತ್ತಾರೆ. ಹೌದು, ಮೆತ್ತಬೇಕು. ಮಾಲಿ ದೇಶದ ಜೆನ್ನೆಯಲ್ಲಿ 1907ರ ಮಸೀದಿಗೆ ಊರಿಗೆ ಊರೇ ಸೇರಿ ವರ್ಷಕ್ಕೊಮ್ಮೆ ಮೆತ್ತುತ್ತದೆ. ಭತ್ತದ ಹೊಟ್ಟು ಬೆರೆಸಿ ಕೊಳೆಹಾಕಿದ ಮಣ್ಣನ್ನು ಹುಡುಗರು ಬುಟ್ಟಿಯಲ್ಲಿ ಹೊತ್ತು ಓಡುತ್ತಾರೆ, ಮೇಸ್ತ್ರಿಗಳು ಗೋಡೆಯಿಂದ ಚಾಚಿದ ಮರದ ಗೂಟಗಳ ಮೇಲೆ ಹತ್ತಿ ನಿಲ್ಲುತ್ತಾರೆ. ಸಾರುವೆ ಕಟ್ಟುವ ಖರ್ಚಿಲ್ಲ, ಅದು ಗೋಡೆಯಲ್ಲೇ ಇದೆ. ನಾಲ್ಕು ವರ್ಷಕ್ಕೆ ಸಿಪ್ಪೆ ಏಳುವ ಆ ಟೆಕ್ಸ್ಚರ್ ಪೇಂಟನ್ನು ಮತ್ತೆ ಹೊಡೆಸುವುದಕ್ಕೆ ಮಾತ್ರ ನಿರ್ವಹಣೆ ಎನ್ನಬಾರದು, ನವೀಕರಣ ಎನ್ನಬೇಕು.

ಸಿಮೆಂಟ್ ಮೆತ್ತಿಸಿಕೊಂಡ ಗೋಡೆಗೆ ಒಂದಲ್ಲ ಒಂದು ಮಳೆಗಾಲ ಬರುತ್ತದೆ. ರಾತ್ರಿ ಬೀಳುತ್ತದೆ, ಬೆಳಿಗ್ಗೆ ಅಧಿಕಾರಿ ಬರುತ್ತಾರೆ, ಮೂಗಿಗೆ ಕರವಸ್ತ್ರ ಹಿಡಿದು ಒಂದು ಸುತ್ತು ಹಾಕುತ್ತಾರೆ. ವರದಿಯಲ್ಲಿ 'ಕುಸಿತಕ್ಕೆ ಕಾರಣ' ಎಂಬಲ್ಲಿ ಒಂದೇ ಪದ ಬರೆಯುತ್ತಾರೆ: ಮಣ್ಣು.